ಜಿಬಿಎಸ್ ಅಂದಿದ್ದರು, ಹತ್ತನೇ ವಾರಕ್ಕೆ ಮತ್ತೆ ಕಾಲು ಸೋತಿದೆ: ಸಿಐಡಿಪಿ ಹೌದಾ?

ಪ್ರಶ್ನೆ: ಜಿಬಿಎಸ್ (ಗಿಲ್ಲೆನ್-ಬಾರೆ ಸಿಂಡ್ರೋಮ್, ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡಿ ಬಲ ಕುಂದಿಸುವ ಕಾಯಿಲೆ) ಎಂದು ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್) ಕೊಟ್ಟ ಮೇಲೆ ಚೇತರಿಕೆ ಕಂಡಿತ್ತು. ಹತ್ತನೇ ವಾರದಲ್ಲಿ ಮತ್ತೆ ಬಲ ಕುಸಿದಿದೆ, ಈಗ ಸಿಐಡಿಪಿ (ಅದೇ ಬಗೆಯ, ಆದರೆ ದೀರ್ಘಕಾಲದ ನರರೋಗ) ಇರಬಹುದು ಅನ್ನುತ್ತಿದ್ದಾರೆ. ರೋಗಿಯ ತೂಕ 60 ಕೆಜಿ, ಶುಗರ್ ಇದೆ. ರಿಪೋರ್ಟಿನಲ್ಲಿ ಏನು ನೋಡಬೇಕು? ಐವಿಐಜಿ ಎಷ್ಟು ಸಲ ಬೇಕಾಗುತ್ತದೆ?

ಉತ್ತರ 1: ಜಿಬಿಎಸ್ ನಾಲ್ಕು ವಾರದೊಳಗೆ ಎಷ್ಟು ಏರಬೇಕೋ ಅಷ್ಟು ಏರಿ ನಿಲ್ಲುತ್ತದೆ. ಸಿಐಡಿಪಿ 8 ವಾರ ದಾಟಿದರೂ ಏರುತ್ತಲೇ ಇರುತ್ತದೆ, ಇಲ್ಲವೇ ಮರಳಿ ಮರಳಿ ಬರುತ್ತದೆ. ಜಿಬಿಎಸ್ ಎಂದುಕೊಂಡವರಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಕೊನೆಗೆ ಸಿಐಡಿಪಿ ಎಂದು ಗೊತ್ತಾಗುತ್ತದೆ, ಹಾಗಾಗಿ ವೈದ್ಯರ ಅನುಮಾನ ಸರಿಯಾಗಿಯೇ ಇದೆ.

ಶುಗರ್ ಇರುವುದರಿಂದ ಎಚ್ಚರ ಬೇಕು. ಶುಗರಿನ ನರದೋಷ ಸಾಮಾನ್ಯವಾಗಿ ಕಾಲ್ಬೆರಳಿನ ಉರಿಯಿಂದ ಶುರುವಾಗಿ ನಿಧಾನವಾಗಿ ಮೇಲೇರುತ್ತದೆ. ಸಿಐಡಿಪಿಯಲ್ಲಿ ತೊಡೆ, ಭುಜದ ಬಲವೂ ಹೋಗುತ್ತದೆ: ಕುರ್ಚಿಯಿಂದ ಏಳಲು ಕೈ ಊರಬೇಕಾಗುತ್ತದೆ, ಮಂಡಿಗೆ ಸುತ್ತಿಗೆ ತಟ್ಟಿದರೂ ಕಾಲು ಜಿಗಿಯುವುದಿಲ್ಲ. ನರ್ವ್ ಕಂಡಕ್ಷನ್ (ನರದಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆಯುವ ಪರೀಕ್ಷೆ) ರಿಪೋರ್ಟಿನಲ್ಲಿ ವೇಗ ಸ್ವಲ್ಪ ತಗ್ಗಿದ್ದರೆ ಸಾಲದು, ಅಷ್ಟನ್ನು ಶುಗರ್ ಒಂದೇ ಮಾಡಬಲ್ಲದು. ಕಂಡಕ್ಷನ್ ಬ್ಲಾಕ್ (ನರದ ನಡುವೆ ಸಂಕೇತಕ್ಕೆ ತಡೆ) ಇದೆಯಾ ನೋಡಿ: ಮಣಿಕಟ್ಟಿನಲ್ಲಿ ಪ್ರಚೋದಿಸಿದಾಗ ದೊಡ್ಡದಾಗಿ ಬಂದ ಅಲೆ, ಮೊಣಕೈಯಲ್ಲಿ ಪ್ರಚೋದಿಸಿದಾಗ ಕುಗ್ಗಿರುತ್ತದೆ. ಕೈ ತಣ್ಣಗಿದ್ದರೂ ವೇಗ ಇಳಿಯುತ್ತದೆ. ಅಂಗೈ 33 ಡಿಗ್ರಿ, ಪಾದದ ಗಿಣ್ಣು 30 ಡಿಗ್ರಿಯಾದರೂ ಇತ್ತಾ ಎಂದು ಕೇಳಿ. ಇದನ್ನು ಕೇಳುವವರು ಕಡಿಮೆ, ತಪ್ಪಾಗುವುದು ಇಲ್ಲೇ.

ಬೆನ್ನಿನ ನೀರಿನಲ್ಲಿ ಪ್ರೋಟೀನ್ ಹೆಚ್ಚಿದ್ದು ಜೀವಕೋಶ 10ಕ್ಕಿಂತ ಕಡಿಮೆ ಇದ್ದರೆ ಸಿಐಡಿಪಿ ಅನ್ನುವುದಕ್ಕೆ ಪೂರಕ. ಆದರೆ ಶುಗರಿನಲ್ಲೂ ಪ್ರೋಟೀನ್ ತುಸು ಏರುತ್ತದೆ, ಅದೊಂದನ್ನೇ ಹಿಡಿದು ತೀರ್ಮಾನಿಸಬೇಡಿ.

ಉತ್ತರ 2: ಐವಿಐಜಿ ಬಗ್ಗೆ. ಮೊದಲ ಸುತ್ತು ಕೆಜಿಗೆ 2 ಗ್ರಾಂ, ಅಂದರೆ 60 ಕೆಜಿಗೆ 120 ಗ್ರಾಂ. ಐದು ದಿನಕ್ಕೆ ಹಂಚಿದರೆ ದಿನಕ್ಕೆ 24 ಗ್ರಾಂ. ಆಮೇಲೆ ಸಾಮಾನ್ಯವಾಗಿ 3 ವಾರಕ್ಕೊಮ್ಮೆ ಕೆಜಿಗೆ 1 ಗ್ರಾಂ. ಮೊದಲ ಸುತ್ತಿಗೇ ಗುಣ ಕಾಣಲಿಲ್ಲವೆಂದು ಕೈಬಿಡಬಾರದು, ಕೆಲವರಿಗೆ ಎರಡರಿಂದ ಐದು ಸಲ ಬೇಕಾಗುತ್ತದೆ.

ಶುರು ಮಾಡುವ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ನೋಡಿಸಿ. ಹೆಪಟೈಟಿಸ್ ಬಿ ಪರೀಕ್ಷೆಗೂ ಆಗಲೇ ರಕ್ತ ಕೊಡಿ, ಏಕೆಂದರೆ ದಾನಿಗಳ ಆಂಟಿಬಾಡಿ ಸೇರಿದ ಮೇಲೆ ಸುಳ್ಳು ಪಾಸಿಟಿವ್ ಬರಬಹುದು. ಡ್ರಿಪ್ ವೇಗವಾಗಿ ಬಿಟ್ಟರೆ ತಲೆನೋವು, ಚಳಿ ಬರುತ್ತದೆ. ನಿಧಾನವಾಗಿ ಶುರು ಮಾಡಿಸಿ, ನೀರು ಚೆನ್ನಾಗಿ ಕುಡಿಸಿ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ತೋರಿಸಿ.

ಸ್ಟೀರಾಯ್ಡ್ ಕೂಡ ಕೆಲಸ ಮಾಡುತ್ತದೆ, ಆದರೆ ಶುಗರ್ ಏರಿಸುತ್ತದೆ. ಬಲ ಮಾತ್ರ ಹೋಗಿ ಸ್ಪರ್ಶ ಚೆನ್ನಾಗಿದ್ದರೆ ಸ್ಟೀರಾಯ್ಡಿಗೆ ಮೊದಲು ಎಂಎಂಎನ್ (ಬಲದ ನರಗಳಿಗೆ ಮಾತ್ರ ತಗಲುವ ಬೇರೊಂದು ಕಾಯಿಲೆ) ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಅದರಲ್ಲಿ ಸ್ಟೀರಾಯ್ಡ್ ಸ್ಥಿತಿಯನ್ನು ಹದಗೆಡಿಸಬಹುದು.

ಉತ್ತರ 3: ಐವಿಐಜಿಗೆ ಬಗ್ಗದೆ, ಕೈ ನಡುಕ, ತೂರಾಟ ಜೊತೆಗಿದ್ದರೆ ನ್ಯೂರೋಫ್ಯಾಸಿನ್ 155, ಕಾಂಟ್ಯಾಕ್ಟಿನ್ 1 ಎಂಬ ನರದ ಪ್ರೋಟೀನುಗಳ ವಿರುದ್ಧದ ಆಂಟಿಬಾಡಿ ನೋಡಿಸಿ. 2021ರ ಯುರೋಪಿಯನ್ ಮಾರ್ಗಸೂಚಿ ಈ ಆಂಟಿಬಾಡಿ ಇರುವ ಕಾಯಿಲೆಗಳನ್ನು ಸಿಐಡಿಪಿಯಿಂದ ಹೊರಗಿಟ್ಟು ಬೇರೆ ಗುಂಪು ಮಾಡಿದೆ, ಇವಕ್ಕೆ ರಿಟುಕ್ಸಿಮ್ಯಾಬ್ (ಬಿ ಕೋಶಗಳನ್ನು ತಗ್ಗಿಸುವ ಔಷಧ) ಹೆಚ್ಚು ಹೊಂದುತ್ತದೆ. ಎಂ-ಪ್ರೋಟೀನ್ (ರಕ್ತದಲ್ಲಿನ ಅಸಹಜ ಪ್ರೋಟೀನ್) ಪರೀಕ್ಷೆಯನ್ನೂ ಬಿಡಬೇಡಿ. ಈ ಪ್ರೋಟೀನ್ ಇರುವ ಪೊಯೆಮ್ಸ್ ಎಂಬ ಕಾಯಿಲೆ ಥೇಟ್ ಸಿಐಡಿಪಿಯ ಹಾಗೇ ಕಾಣಿಸುತ್ತದೆ.

ಉಸಿರು ಕಟ್ಟಿದ ಹಾಗಾದರೆ, ನುಂಗಲು ತೊಡಕಾದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಘಟಕಕ್ಕೆ ಹೋಗಿ.

ಪ್ರಶ್ನೆ ಕೇಳಿದವರು: ಗುಣವಾಗುತ್ತಿದೆಯೋ ಇಲ್ಲವೋ ಮನೆಯಲ್ಲೇ ತಿಳಿಯಬಹುದಾ?

ಉತ್ತರ 2: ತಿಳಿಯಬಹುದು. ಹಿಡಿತ ಅಳೆಯುವ ಡೈನಮೋಮೀಟರ್ ಇಟ್ಟುಕೊಳ್ಳಿ. ಕೂತು, ಮೊಣಕೈ 90 ಡಿಗ್ರಿ ಮಡಚಿ, ಪ್ರತಿ ಕೈಯಲ್ಲೂ ಮೂರು ಸಲ ಹಿಂಡಿ ಸರಾಸರಿ ಬರೆದಿಡಿ, ದಿನಾ ಒಂದೇ ಹೊತ್ತಿಗೆ. ಪಕ್ಕದಲ್ಲಿ ಐವಿಐಜಿ ಹಾಕಿದ ದಿನಾಂಕ ಗುರುತಿಸಿ. ಪ್ರತಿ ಸುತ್ತಿನ ಕೊನೆಯ ವಾರದಲ್ಲೂ ಅಂಕಿ ಕುಸಿದರೆ ಅಂತರ ಕಡಿಮೆ ಮಾಡಬೇಕು ಅಥವಾ ಪ್ರಮಾಣ ಏರಿಸಬೇಕು ಎಂದರ್ಥ. ತಿಂಗಳುಗಟ್ಟಲೆ ಸಮನಾಗಿದ್ದರೆ ಪ್ರಮಾಣವನ್ನು ಕಾಲು ಭಾಗ ಇಳಿಸಿ ನೋಡುವ ಮಾತನ್ನು ನ್ಯೂರಾಲಜಿಸ್ಟ್ ಹತ್ತಿರ ನೀವೇ ಎತ್ತಿ. ಆ ಹಾಳೆ ಕೈಯಲ್ಲಿಟ್ಟುಕೊಂಡೇ ಹೋಗಿ.