ಗ್ರಾಮ ಪಂಚಾಯಿತಿ ಕ್ರಿಯಾಯೋಜನೆಗೆ ನಮ್ಮ ಬೀದಿಯ ಕೆಲಸ ಸೇರಿಸುವುದು ಹೇಗೆ?

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದೇ, ಆದರೆ ತಲೆ ಕೆಟ್ಟುಹೋಗಿದೆ. ನಮ್ಮ ಬೀದಿಯ ಚರಂಡಿ ಅರ್ಧಕ್ಕೇ ನಿಂತಿದೆ. ಮೇಲಿನ ಸಾಲಿನ ಮನೆಗಳ ಬಚ್ಚಲು ನೀರೆಲ್ಲ ಅಂಗನವಾಡಿ ಮುಂದೆ ಬಂದು ಮಡುಗಟ್ಟುತ್ತದೆ, ಮಳೆಗಾಲದಲ್ಲಂತೂ ಮಕ್ಕಳನ್ನು ಎತ್ತಿಕೊಂಡೇ ದಾಟಿಸಬೇಕು. ಪಂಚಾಯಿತಿಗೆ ಹೋದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂರಿಸಿ ಮರ್ಯಾದೆಯಿಂದಲೇ ಮಾತಾಡುತ್ತಾರೆ, ಉತ್ತರ ಮಾತ್ರ ಒಂದೇ: "ಈ ವರ್ಷದ ಕ್ರಿಯಾಯೋಜನೆಯಲ್ಲಿ ಇಲ್ಲ, ಮುಂದಿನ ಸಲ ನೋಡೋಣ." ಹೋದ ವರ್ಷವೂ ಇದೇ ಮಾತು. ಮೆಂಬರ್ ಅವರನ್ನು ಕೇಳಿದರೆ ಅನುದಾನ ಬಂದಿಲ್ಲ ಅನ್ನುತ್ತಾರೆ. ಅನುದಾನ ಇಲ್ಲ ಅಂದರೆ ಚೆನ್ನಾಗಿಯೇ ಇದ್ದ ಇನ್ನೊಂದು ರಸ್ತೆಯ ಮೇಲೆ ಮತ್ತೆ ಕಾಂಕ್ರೀಟ್ ಬಿದ್ದಿದ್ದು ಹೇಗೆ?

ನನಗೆ ಜಗಳ ಬೇಕಾಗಿಲ್ಲ. ಈ ಕ್ರಿಯಾಯೋಜನೆ ಯಾರು, ಯಾವಾಗ, ಎಲ್ಲಿ ಕೂತು ಮಾಡುತ್ತಾರೆ? ನಾವು ಯಾವ ಹೊತ್ತಿಗೆ ಹೋಗಿ ನಿಂತರೆ ಕೆಲಸ ಆಗುತ್ತದೆ? ಹಾಗೇ ಇನ್ನೊಂದು, ಊರಿನ ಲೈಬ್ರರಿ ಯಾವಾಗ ತೆಗೆಯುತ್ತಾರೋ ಯಾವಾಗ ಮುಚ್ಚುತ್ತಾರೋ ಗೊತ್ತಾಗುವುದಿಲ್ಲ. ಅದೂ ಪಂಚಾಯಿತಿಯ ಕೆಲಸವೇ ಅಲ್ವಾ?

ಮಾಜಿ ಮೆಂಬರ್

ನಾನು ಒಂದು ಅವಧಿಗೆ ಸದಸ್ಯನಾಗಿದ್ದೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪಿಡಿಒ ನಿಮಗೆ ಸುಳ್ಳು ಹೇಳಿಲ್ಲ. ಕ್ರಿಯಾಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಅವರು ಬಿಲ್ ಬರೆಯಲು ಆಗುವುದಿಲ್ಲ, ಬರೆದರೆ ಆಡಿಟ್‌ನಲ್ಲಿ ಅವರ ಕುತ್ತಿಗೆಗೇ ಬರುತ್ತದೆ. ತೊಂದರೆ ಇರುವುದು ನೀವು ಹೋಗುವ ತಿಂಗಳಲ್ಲಿ. ಮಳೆ ಬಂದು ನೀರು ನಿಂತಾಗ, ಅಂದರೆ ಜೂನ್, ಜುಲೈನಲ್ಲಿ ಎಲ್ಲರೂ ಓಡಿ ಬರುತ್ತಾರೆ. ಆಗ ಆ ವರ್ಷದ ಹಣ ಎಲ್ಲಿಗೆ ಅಂತ ಬರೆದು ಮುಗಿದಿರುತ್ತದೆ. ಮುಂದಿನ ಏಪ್ರಿಲ್‌ನಿಂದ ಶುರುವಾಗುವ ವರ್ಷದ ಯೋಜನೆಯ ಕೆಲಸ ಹಿಂದಿನ ಅಕ್ಟೋಬರ್ 2ರ ಹೊತ್ತಿಗೇ ಶುರುವಾಗುತ್ತದೆ. "ನಮ್ಮ ಗ್ರಾಮ ನಮ್ಮ ಯೋಜನೆ" ಅನ್ನುವುದು ಇದಕ್ಕೇ. ಮೊದಲು ವಾರ್ಡ್ ಸಭೆ, ಅಲ್ಲಿ ಬಂದ ಬೇಡಿಕೆ ಗ್ರಾಮ ಸಭೆಗೆ, ಅಲ್ಲಿ ಒಪ್ಪಿದ್ದು ಯೋಜನೆಗೆ, ಆಮೇಲೆ ಸರ್ಕಾರದ ಪೋರ್ಟಲ್ ಆದ ಇ-ಗ್ರಾಮ್‌ಸ್ವರಾಜ್‌ಗೆ ಅಪ್‌ಲೋಡ್. ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು.

ಜನ ಗ್ರಾಮ ಸಭೆಗೆ ಬಂದು ಕೂಗುತ್ತಾರೆ, ವಾರ್ಡ್ ಸಭೆಗೆ ಬರುವುದಿಲ್ಲ. ನಿಮ್ಮ ಚರಂಡಿ ಬದುಕುವುದು ಸಾಯುವುದು ಆ ವಾರ್ಡ್ ಸಭೆಯಲ್ಲಿ. ಗ್ರಾಮ ಸಭೆಗೆ ಬರುವಷ್ಟರಲ್ಲಿ ಪಟ್ಟಿ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ. ಹೊಸದನ್ನು ಸೇರಿಸಬೇಕೆಂದರೆ ಯಾರದ್ದಾದರೂ ತೆಗೆಯಬೇಕು, ತೆಗೆಸಿಕೊಳ್ಳುವವರು ಸುಮ್ನೆ ಇರುತ್ತಾರಾ?

ಇನ್ನು ಹಣದ ವಿಷಯ. ಇದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಟೈಡ್ (ಇಂಥ ಕೆಲಸಕ್ಕೇ ಅಂತ ಕಟ್ಟಿಹಾಕಿದ್ದು), ಶೇ 40ರಷ್ಟು ಅನ್‌ಟೈಡ್ ಅಂತ ಭಾಗ ಮಾಡಿತ್ತು. ಟೈಡ್ ಹಣದಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ. ಇನ್ನರ್ಧ ನೈರ್ಮಲ್ಯಕ್ಕೆ. ಅದನ್ನು ತೆಗೆದು ರಸ್ತೆಗೆ ಹಾಕುವಂತಿಲ್ಲ. ಕಾಂಕ್ರೀಟ್ ರಸ್ತೆ ಎಲ್ಲ ಬರುವುದು ಅನ್‌ಟೈಡ್‌ನಿಂದ, ಅದಕ್ಕೇ ಆ ಹಣಕ್ಕೆ ಮೆಂಬರ್‌ಗಳ ನಡುವೆ ಪೈಪೋಟಿ ಜಾಸ್ತಿ. ನೀವು "ನಮ್ಮ ಬೀದಿಗೆ ರಸ್ತೆ, ಚರಂಡಿ ಮಾಡಿಕೊಡಿ" ಅಂತ ಬರೆದರೆ ಆ ಪೈಪೋಟಿಗೆ ಹೋಗಿ ಬೀಳುತ್ತೀರಿ. ಅದರ ಬದಲು "ಅಂಗನವಾಡಿ ಮುಂದೆ ನಿಲ್ಲುವ ಬೂದು ನೀರಿನ ವಿಲೇವಾರಿ" ಅಂತ ಬರೆಯಿರಿ (ಬೂದು ನೀರು ಅಂದರೆ ಬಚ್ಚಲು, ಪಾತ್ರೆ ತೊಳೆದ ನೀರು). ಆಗ ಅದು ನೈರ್ಮಲ್ಯದ ಲೆಕ್ಕಕ್ಕೆ ಬರುತ್ತದೆ, ಆ ಹಣಕ್ಕೆ ಕೇಳುವವರೇ ಕಡಿಮೆ. ಆಯೋಗ ಬದಲಾದ ಹಾಗೆ ಪಾಲೂ ಬದಲಾಗುತ್ತದೆ, ಹಾಗಾಗಿ ಈ ಸಲದ ಮಾರ್ಗಸೂಚಿ ಏನು ಅಂತ ಪಿಡಿಒ ಹತ್ತಿರ ಕೇಳಿಕೊಳ್ಳಿ, ಅದು ಗುಟ್ಟಿನ ಕಾಗದವೇನಲ್ಲ.

ಅರ್ಜಿಯಲ್ಲಿ ಎಲ್ಲಿಂದ ಎಲ್ಲಿವರೆಗೆ, ಎಷ್ಟು ಮೀಟರ್, ನೀರು ಹರಿದು ಎಲ್ಲಿಗೆ ಸೇರಬೇಕು ಎಲ್ಲ ಇರಲಿ. ನೀರಿಗೆ ಕೊನೆಗೊಂದು ಜಾಗ ತೋರಿಸದೆ ಮಾಡಿದ ಚರಂಡಿಗಳೇ ಹೀಗೆ ಅರ್ಧಕ್ಕೆ ನಿಲ್ಲುವುದು. ನಿಮ್ಮದೂ ಅದೇ ಇರಬಹುದು, ಮುಂದಿನ ಜಾಗ ಯಾರದಾದರೂ ಸ್ವಂತದ್ದಾ ನೋಡಿ. ಫೋಟೋ ಮಳೆ ಇರುವಾಗಲೇ ತೆಗೆದಿಟ್ಟುಕೊಳ್ಳಿ, ಸಭೆ ನಡೆಯುವ ಹೊತ್ತಿಗೆ ನೆಲ ಒಣಗಿರುತ್ತದೆ. ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದಿದ್ದಾರಾ ಅಂತ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

ಕೆಂಪುಹಂಚು

ಮಾಜಿ ಮೆಂಬರ್ ಸಾಹೇಬರು ಹೇಳಿದ್ದು ಕೇಳಲು ಚೆನ್ನಾಗಿದೆ. ನಮ್ಮ ಕಡೆ ವಾರ್ಡ್ ಸಭೆ ನಡೆಯುವುದು ಪುಸ್ತಕದಲ್ಲಿ ಮಾತ್ರ. ಪುಸ್ತಕ ಮನೆ ಮನೆಗೆ ಬರುತ್ತದೆ, "ಅಕ್ಕ ಇಲ್ಲೊಂದು ಸಹಿ ಹಾಕಿ" ಅಂತಾರೆ, ಯಾವುದಕ್ಕೆ ಅಂತ ಕೇಳುವವರಿಲ್ಲ. ಇನ್ನು ಗ್ರಾಮ ಸಭೆ ಅಂದರೆ ಶಾಮಿಯಾನ, ಮೈಕು, ನೋಡಲ್ ಅಧಿಕಾರಿ ತಡವಾಗಿ ಬರುವುದು, ಒಂದೊಂದು ಇಲಾಖೆಯವರು ಎದ್ದು ತಮ್ಮ ಯೋಜನೆ ಓದುವುದು. ಅಷ್ಟರಲ್ಲಿ ಮನೆ ಹಂಚಿಕೆ ಪಟ್ಟಿ ಬರುತ್ತದೆ. ಅಲ್ಲಿಗೆ ಮುಗಿಯಿತು. ಫಲಾನುಭವಿ ಆಯ್ಕೆಯ ಗಲಾಟೆಯಲ್ಲಿ ಚರಂಡಿ, ದೀಪ ಯಾರಿಗೆ ನೆನಪಿರುತ್ತದೆ? ಇಲ್ಲವೇ ಕೋರಂ (ಸಭೆಗೆ ಬೇಕಾದಷ್ಟು ಜನ) ಇಲ್ಲ ಅಂತ ಮುಂದೂಡುತ್ತಾರೆ.

ನನ್ನ ಪ್ರಕಾರ ಶಾಸಕರ ಹತ್ತಿರ ನಾಲ್ಕು ಜನ ಹೋಗಿ ಹೇಳಿದರೆ ಬೇಗ ಆಗುತ್ತದೆ.

ಮಾಜಿ ಮೆಂಬರ್

ಕೆಂಪುಹಂಚು ಅವರೇ, ಪುಸ್ತಕ ಮನೆಗೆ ಬರುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಸಹಿ ಹಾಕುವವರು ನಾವೇ ಅಲ್ವಾ. ಶಾಸಕರ ದಾರಿಯಲ್ಲಿ ಒಂದು ಸಲ ಕೆಲಸ ಆಗಬಹುದು, ಆದರೆ ಆ ಚರಂಡಿ ಹೂಳು ತೆಗೆಯುವುದು, ಬಲ್ಬ್ ಬದಲಿಸುವುದು ಮತ್ತೆ ಪಂಚಾಯಿತಿಯೇ. ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ತೆಗೆದು ನೋಡಿ, ನೀರು, ಬೀದಿ ದೀಪ, ನೈರ್ಮಲ್ಯ, ಸ್ಮಶಾನ ಎಲ್ಲ ಅವರ ಹೆಗಲಿಗೇ ಇದೆ. ನಮ್ಮಪ್ಪನ ಕಾಲದವರು ಈಗಲೂ 1987ರ ಮಂಡಲ ಪಂಚಾಯಿತಿ ದಿನಗಳನ್ನು ನೆನೆಸಿಕೊಳ್ಳುತ್ತಾರೆ. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಅವರನ್ನು ನೀರ್ ಸಾಬ್ ಅಂತಲೇ ಕರೆದ ಜನ ಅವರು. ಆಗ ಹಣ ಈಗಿನಷ್ಟು ಇರಲಿಲ್ಲ, ಕಟ್ಟೆಗೆ ಬಂದು ಕೇಳುವವರು ಇದ್ದರು ಅಂತಾರೆ. ಹಳೆ ಕಾಲದ ಹೊಗಳಿಕೆ ಸ್ವಲ್ಪ ಕಳೆದು ಓದಿಕೊಳ್ಳಿ.

ರಸೀದಿ ಪುಸ್ತಕ

ಇಲ್ಲಿ ಯಾರೂ ಕಂದಾಯದ ಮಾತೇ ಎತ್ತಲಿಲ್ಲವಲ್ಲ! ನಾನು ಒಂದು ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್. ಎಲ್ಲಿ ಅಂತ ಕೇಳಬೇಡಿ.

ಅನುದಾನ ಅನ್ನುವುದು ಹೆಚ್ಚಾಗಿ ಹೆಸರು ಬರೆದೇ ಬರುವ ಹಣ, ಇದಕ್ಕಿಷ್ಟು ಅದಕ್ಕಿಷ್ಟು ಅಂತ. ಪಂಚಾಯಿತಿ ತನ್ನ ಇಷ್ಟದಂತೆ, ಈ ತಿಂಗಳೇ, ಯಾರನ್ನೂ ಕೇಳದೆ ಒಂದು ದೀಪ ಹಾಕಿಸಬೇಕೆಂದರೆ ಇರುವುದು ವರ್ಗ ಒಂದರ ಹಣ ಮಾತ್ರ, ಅಂದರೆ ನೀವು ಕಟ್ಟುವ ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸ್, ಸಂತೆ ಹರಾಜು. ಅದರಲ್ಲೂ ಶೇ 24.10 ಪರಿಶಿಷ್ಟರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಡಬೇಕು. ಅದು ನ್ಯಾಯವೇ, ಬೇಡ ಅನ್ನುತ್ತಿಲ್ಲ. ಉಳಿದಿದ್ದರಲ್ಲಿ ವಾಟರ್‌ಮ್ಯಾನ್ ಸಂಬಳದ ಕೊರತೆ, ಮೋಟಾರ್ ಸುಟ್ಟರೆ ರಿವೈಂಡಿಂಗ್, ಪೈಪ್ ಒಡೆದರೆ ರಿಪೇರಿ. ಬೇಸಿಗೆಯಲ್ಲಿ ಬೋರ್ ಮೋಟಾರ್ ಸುಟ್ಟರೆ ಕ್ರಿಯಾಯೋಜನೆ ಅಂತ ಕಾಯಲು ಆಗುತ್ತದಾ? ಮೊದಲು ರಿಪೇರಿ, ಬೀದಿ ದೀಪ ಆಮೇಲೆ. ಇನ್ನು ಬೋರ್‌ವೆಲ್ ಮತ್ತು ಬೀದಿ ದೀಪದ ಕರೆಂಟ್ ಬಿಲ್ ನೋಡಿದರೆ ಎದೆ ಒಡೆಯುತ್ತದೆ. ಹಗಲೆಲ್ಲ ಉರಿಯುವ ದೀಪ ಎಷ್ಟಿವೆ ನಿಮ್ಮ ಊರಲ್ಲಿ?

ಕಂದಾಯ ಕಟ್ಟಲು ಜನ ಯಾವಾಗ ಬರುತ್ತಾರೆ ಗೊತ್ತಾ? ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆಯಾದ ಫಾರಂ 9, ಫಾರಂ 11 ಬೇಕಾದಾಗ. ಬ್ಯಾಂಕ್ ಸಾಲಕ್ಕೋ ಮಾರುವುದಕ್ಕೋ. ಆಗ ಹಳೆ ಬಾಕಿ ಎಲ್ಲ ಒಟ್ಟಿಗೆ ನೋಡಿ "ಇಷ್ಟೊಂದಾ" ಅಂತ ನನ್ನ ಮೇಲೆ ರೇಗುತ್ತಾರೆ. ಹೊಂಗೆನೆರಳು ಅವರೇ, ನಿಮ್ಮ ಬೀದಿಯವರೆಲ್ಲ ಬಾಕಿ ಕಟ್ಟಿ ರಸೀದಿ ಕೈಯಲ್ಲಿ ಹಿಡಿದು ಪಂಚಾಯಿತಿಗೆ ಹೋಗಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ. ಕಟ್ಟದಿದ್ದರೆ ಕೇಳುವ ಹಕ್ಕಿಲ್ಲ ಅಂತಲ್ಲ. ಆದರೆ ಎದುರಿಗೆ ಕೂತವರ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಲೈಬ್ರರಿ ಬಗ್ಗೆ ಕೇಳಿದಿರಲ್ಲ, ಆ ರಸೀದಿಯಲ್ಲೇ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಯಾರೂ ಓದುವುದಿಲ್ಲ.

ಒಕ್ಕೂಟದ ಅಕ್ಕ

ನಾನು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿದ್ದೇನೆ, ನಮ್ಮ ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿ ಓಡಿಸುವುದು ನಮ್ಮ ಸಂಘದವರೇ. ಮೇಲೆ ಬರೆದವರೆಲ್ಲ ಕಾಂಕ್ರೀಟಿನ ಸುತ್ತಲೇ ಸುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳ ಗ್ರಾಮ ಸಭೆ ಅಂತ ಒಂದಿದೆ ತಮ್ಮಾ, ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಆಚೆಗೆ. ಜೊತೆಗೆ ಮಹಿಳಾ ಗ್ರಾಮ ಸಭೆಯೂ ಇದೆ. ಈ ಎರಡರಲ್ಲಿ ಗಲಾಟೆ ಕಡಿಮೆ, ಮನೆ ಪಟ್ಟಿ ಇರುವುದಿಲ್ಲ, ಹಾಗಾಗಿ ಹೇಳಿದ್ದು ಕೇಳಿಸುತ್ತದೆ. ನಮ್ಮಲ್ಲಿ ಶಾಲೆ ಕಾಂಪೌಂಡ್ ಪಕ್ಕದ ತಿಪ್ಪೆಯ ಬಗ್ಗೆ ದೊಡ್ಡವರು ಎಷ್ಟೋ ಸಲ ಹೇಳಿದ್ದರು, ಏನೂ ಆಗಿರಲಿಲ್ಲ. ಒಬ್ಬಳು ಏಳನೇ ಕ್ಲಾಸಿನ ಹುಡುಗಿ ಮೈಕ್ ಹಿಡಿದು "ಸರ್, ನಾವು ಊಟ ಮಾಡುವಾಗ ನೊಣ ತಟ್ಟೆಗೆ ಬರುತ್ತದೆ, ಅಲ್ಲಿ ಯಾರು ಕಸ ಹಾಕುತ್ತಾರೆ ಅಂತ ಹೆಸರು ಹೇಳಲಾ" ಅಂತ ಕೇಳಿದಳು. ಸಭೆಯಲ್ಲಿ ಕೂತಿದ್ದವರಲ್ಲಿ ಕಸ ಹಾಕುವವರೂ ಇದ್ದರು. ಅದೇ ವಾರ ತಿಪ್ಪೆ ಎತ್ತಿಸಿದರು. ಆದರೆ ಒಂದು ಮಾತು, ಮೇಷ್ಟರು ಬರೆದುಕೊಟ್ಟ ಪ್ರಶ್ನೆ ಮಕ್ಕಳ ಕೈಗೆ ಕೊಡಬೇಡಿ, ಗೊತ್ತಾಗಿಬಿಡುತ್ತದೆ.

ಚರಂಡಿಗೆ ಇನ್ನೊಂದು ದಾರಿ: ಮೇಲಿನ ಮನೆಗಳವರು ಒಪ್ಪಿದರೆ ಒಂದೊಂದು ಮನೆಗೆ ನೀರು ಅಲ್ಲೇ ಇಂಗುವ ಬಚ್ಚಲು ಗುಂಡಿ ಮಾಡಿಸಿಕೊಳ್ಳಬಹುದು, ಉದ್ಯೋಗ ಖಾತ್ರಿಯಲ್ಲಿ ನಮ್ಮಲ್ಲಿ ಎಷ್ಟೋ ಮನೆಗೆ ಆಗಿವೆ. ನೀರು ಬೀದಿಗೇ ಬರದಿದ್ದರೆ ಚರಂಡಿ ಅಷ್ಟು ದೊಡ್ಡದೂ ಬೇಕಾಗಿಲ್ಲ. ಜಾಗ ಇಲ್ಲದ ಮನೆಗಳಿಗೆ ಮಾತ್ರ ಕಷ್ಟ.

ಲೈಬ್ರರಿ ಪಂಚಾಯಿತಿಯದ್ದೇ. 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂತು, ಈಗ ಅರಿವು ಕೇಂದ್ರ ಅಂತಾರೆ. ಕೊರೋನ ಟೈಮಲ್ಲಿ "ಓದುವ ಬೆಳಕು" ಅಂತ ಮಕ್ಕಳಿಗೆ ಉಚಿತ ಸದಸ್ಯತ್ವವೂ ಮಾಡಿದರು. ಸಮಯ ಬಾಗಿಲ ಮೇಲೆ ಬರೆದು ಹಾಕಿ ಅಂತ ತಿಂಗಳ ಸಾಮಾನ್ಯ ಸಭೆಗೆ ಒಂದು ಕಾಗದ ಕೊಡಿ, ಇದಕ್ಕೆ ಯಾವ ಅನುದಾನವೂ ಬೇಡ.

ಹೊಂಗೆನೆರಳು

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಬಚ್ಚಲು ಗುಂಡಿ ವಿಷಯ ತಲೆಗೇ ಹೊಳೆದಿರಲಿಲ್ಲ ಅಕ್ಕ, ಮೇಲಿನ ಸಾಲಿನಲ್ಲಿ ಎರಡು ಮನೆಗೆ ಹಿತ್ತಲಿದೆ, ಕೇಳಿ ನೋಡುತ್ತೇನೆ. ಅಂದ ಹಾಗೆ ಚರಂಡಿ ಮುಂದೆ ಹೋಗಬೇಕಾದ ಜಾಗ ಒಬ್ಬರ ಸ್ವಂತದ್ದೇ ಅಂತ ಅಮ್ಮ ಹೇಳಿದರು, ಮಾಜಿ ಮೆಂಬರ್ ಹೇಳಿದ್ದು ಸರಿ. ಇನ್ನೆರಡು ಪ್ರಶ್ನೆ. ಆ ಕಾಂಕ್ರೀಟ್ ರಸ್ತೆಗೆ ಎಷ್ಟು ಖರ್ಚಾಯಿತು ಅಂತ ಜಗಳ ಇಲ್ಲದೆ ನೋಡುವುದು ಹೇಗೆ? ಮತ್ತೆ, ನನ್ನ ವೋಟು ಈಗ ಬೆಂಗಳೂರಿನಲ್ಲಿದೆ. ನಾನು ವಾರ್ಡ್ ಸಭೆಯಲ್ಲಿ ಮಾತಾಡಬಹುದಾ?

ಕಡತ ಪ್ರೇಮಿ

ಖರ್ಚು ನೋಡಲು ಜಮಾಬಂದಿಗೆ ಹೋಗಿ. ಜನ ಜಾಸ್ತಿ ಬರದ ಸಭೆ ಅಂದರೆ ಇದೇ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಪ್ರತಿ ಪಂಚಾಯಿತಿಯಲ್ಲೂ ಹಿಂದಿನ ವರ್ಷದ ಲೆಕ್ಕ, ಕಡತ, ಕಾಮಗಾರಿ ಎಲ್ಲ ಜನರ ಮುಂದಿಡಬೇಕು. ಅಧಿಕಾರಿ ಬಂದಿರುತ್ತಾರೆ, ಕಡತ ತೆಗೆದು ತೋರಿಸಿ ಅಂತ ಕೇಳಬಹುದು, ಕಾಮಗಾರಿ ಜಾಗಕ್ಕೇ ಹೋಗಿ ಅಳತೆ ನೋಡೋಣ ಅಂತಲೂ ಹೇಳಬಹುದು. ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಯ ಉದ್ದ ಎರಡರಲ್ಲೂ ಒಂದೇ ಇದೆಯಾ ಅನ್ನುವುದೇ ಮೊದಲ ಪ್ರಶ್ನೆ. ದಪ್ಪದ ಬಗ್ಗೆ ಆಮೇಲೆ ಮಾತಾಡಬಹುದು.

ಜಮಾಬಂದಿ ಮುಗಿದುಹೋಗಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಪಂಚಾಯಿತಿಯ ಇತಿಹಾಸವೆಲ್ಲ ಕೇಳಲು ಹೋಗಬೇಡಿ, ಸುಮ್ನೆ ತಿರಸ್ಕಾರ ಆಗುತ್ತದೆ. ಆ ಒಂದು ಕಾಮಗಾರಿಯ ಹೆಸರು, ವರ್ಷ ಬರೆದು ಅದರ ಬಿಲ್ ಮತ್ತು ಅಳತೆ ಪುಸ್ತಕದ ನಕಲು ಕೇಳಿ.

ವೋಟಿನ ವಿಷಯ: ವಾರ್ಡ್ ಸಭೆಯ ಸದಸ್ಯರು ಅಂದರೆ ಆ ವಾರ್ಡಿನ ಮತದಾರರ ಪಟ್ಟಿಯಲ್ಲಿ ಇರುವವರು. ನೀವು ಹೋಗಿ ಹಿಂದೆ ಕೂತರೆ ಯಾರೂ ಎಬ್ಬಿಸುವುದಿಲ್ಲ, ಆದರೆ ಬೇಡಿಕೆ ನಿಮ್ಮ ಹೆಸರಲ್ಲಿ ಕೊಟ್ಟರೆ "ನೀನು ಈ ಊರಿನವನೇ ಅಲ್ಲ" ಅಂತ ಒಂದು ಕೊಕ್ಕೆ ಹಾಕಬಹುದು. ಅಮ್ಮನ ಹೆಸರಲ್ಲಿ ಬರೆಯಿರಿ, ಪಟ್ಟಿಯಲ್ಲಿರುವ ಕ್ರಮಸಂಖ್ಯೆ ಹಾಕಿ, ಅಕ್ಕಪಕ್ಕದವರ ಸಹಿಯನ್ನೂ ಕ್ರಮಸಂಖ್ಯೆ ಸಮೇತ ಮಾಡಿಸಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ. ಸಭೆಯ ದಿನ ಅಮ್ಮನೇ ಎದ್ದು ಓದಲಿ, ಕನ್ನಡಕ ಮರೆಯದಂತೆ ನೋಡಿಕೊಳ್ಳಿ.