ಸಮಸ್ಯಾಪೂರಣ: ‘ಅಳಿದ ಮನೆಯುಳಿಸಿತೈ ನಿಂತ ಮನೆಯ’

ಮಡಿಕೇರಿಯಿಂದ, ಸಮಸ್ಯೆ ಕೊಟ್ಟವರು:
ಕೊಡಗಿನ ಕಕ್ಕಡ ತಿಂಗಳ ಮಳೆ ಹೊರಗೆ ಕಾಲಿಡಗೊಡದ ಈ ದಿನಗಳಿಗೆಂದು, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಪ್ರಾಸ್ಪೆಕ್ಟ್ ಪಾರ್ಕಿನ ಕೊಳದ ದಡದಲ್ಲಿರುವ ದೋಣಿಮನೆಯ (ಬೋಟ್‌ಹೌಸ್) ಚರಿತ್ರೆಯನ್ನೇ ಸಮಸ್ಯೆಯಾಗಿಸಿದ್ದೇನೆ. 1905ರಲ್ಲಿ ಕಟ್ಟಲು ತೊಡಗಿದ ಈ ಮನೆಯ ಕೆಳ ಅಂತಸ್ತಿಗೆ ವೆನಿಸ್ಸಿನಲ್ಲಿ ವಾಸ್ತುಶಿಲ್ಪಿ ಸಾನ್ಸೊವಿನೊ ರೂಪಿಸಿದ ಗ್ರಂಥಾಲಯವು ಮಾದರಿಯಾಗಿತ್ತು. ಹೊರಮೈಗೆ ಬಿಳಿ ಮೆರುಗಿನ ಸುಟ್ಟಮಣ್ಣಿನ ಹೊದಿಕೆಯಿದೆ. ಮೇಲೆ ಕೊಟ್ಟ ಸಾಲೇ ಕೊನೆಯ ಸಾಲಾಗುವಂತೆ, ಐದು ಮಾತ್ರೆಯ ಗಣಗಳ ಚೌಪದಿಯಲ್ಲಿ (ನಾಲ್ಕು ಸಾಲಿನ ಪದ್ಯದಲ್ಲಿ), ಳಕಾರ ಪ್ರಾಸದಲ್ಲಿ (ಪ್ರತಿ ಸಾಲಿನ ಎರಡನೆಯ ಅಕ್ಷರ ಳಕಾರ) ಪೂರಣವಿರಲಿ.

ವಿರಾಜಪೇಟೆಯಿಂದ:
ಗುರುಗಳೇ, ಅಳಿದ ಮನೆ ಯಾವುದೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಅದೇ ನಗರದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರ ಅಕ್ಟೋಬರಿನಲ್ಲಿ ಒಡೆಯತೊಡಗಿದಾಗ ಜನರಲ್ಲೆದ್ದ ಆಕ್ರೋಶವೇ, ಮರುವರ್ಷ ಕೆಡಹಬೇಕೆಂದಿದ್ದ ದೋಣಿಮನೆಯ ನೆರವಿಗೆ ಬಂದಿತೆಂದು ತಿಳಿದ ಮೇಲೆ ಪದ್ಯ ತಾನಾಗಿ ಒದಗಿತು.

ಕೊಳದ ದಡದೊಳು ಬಿಳಿಯ ದೋಣಿಮನೆ ನಿಂತಿರಲು
ಹಳತೆಂದು ಕೆಡಹಲೆಣಿಸಿತು ನಗರವು
ಕಳೆದ ನಿಲ್ದಾಣದಳಲೆದ್ದು ಜನಮನದೊಳಗೆ
ಅಳಿದ ಮನೆಯುಳಿಸಿತೈ ನಿಂತ ಮನೆಯ

ಸೋಮವಾರಪೇಟೆಯಿಂದ:
ಮೂರನೆಯ ಸಾಲು ಸೊಗಸಾಗಿದೆ. ಆದರೆ ‘ಹಳತೆಂದು’ ಎಂಬ ಮಾತನ್ನು ನಾನು ಒಪ್ಪಲಾರೆ. ಆಗ ಆ ಕಟ್ಟಡಕ್ಕೆ ಅರುವತ್ತು ವರ್ಷವೂ ತುಂಬಿರಲಿಲ್ಲ. ಕೊಡವ ಮನೆತನಗಳ ಮೂಲಮನೆಗಳಾದ ತಲೆತಲಾಂತರದ ಐನ್‌ಮನೆಗಳ ನಡುವೆ ಬೆಳೆದ ನಾವು ಅದನ್ನು ಹಳತೆಂದರೆ ಕೇಳಿದವರು ನಗುತ್ತಾರೆ. ಉದ್ಯಾನ ಇಲಾಖೆಯು ಮುಂದಿಟ್ಟ ಕಾರಣವೂ ವಯಸ್ಸಲ್ಲ, ಅಲ್ಲಿಗೆ ಬರುವ ಜನ ತೀರ ಕಡಿಮೆಯಾದದ್ದು. ನಿಲ್ದಾಣವನ್ನು ‘ಮನೆ’ ಎಂದದ್ದಕ್ಕೆ ತಕರಾರಿಲ್ಲ. ಯಾರೂ ವಾಸವಿಲ್ಲದಿದ್ದರೂ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಬಂದು ಸೇರುವ ಐನ್‌ಮನೆಯೂ ಮನೆಯೇ ತಾನೆ.

ವಿರಾಜಪೇಟೆಯಿಂದ:
ತಪ್ಪು ನನ್ನದೇ, ಪ್ರಾಸದ ಆಸೆಗೆ ಕಾರಣವನ್ನೇ ಬದಲಿಸಿಬಿಟ್ಟೆ. ಎರಡನೆಯ ಸಾಲನ್ನು ಹೀಗೆ ಓದಿಕೊಳ್ಳಬೇಕು:

ಬಳಸುವವರಿಲ್ಲೆಂದು ಕೆಡಹಲೆಣಿಸೆ

ಮಡಿಕೇರಿಯಿಂದ, ಸಮಸ್ಯೆ ಕೊಟ್ಟವರು:
ಈಗ ಚರಿತ್ರೆಯೂ ಛಂದಸ್ಸೂ ಕೂಡಿಬಂದವು. ‘ಎಣಿಸೆ’ ಎಂದದ್ದರಿಂದ ಮುಂದಿನ ಸಾಲಿಗೆ ಓಟವೂ ದೊರೆಯಿತು. ಉಳಿದ ಆ ಮನೆ 1972ರಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2002ರಲ್ಲಿ ಪಕ್ಷಿಪ್ರಿಯರ ಆಡುಬಾನ್ ಕೇಂದ್ರವಾಗಿ ತೆರೆಯಿತು. ಅದರ ಸಮೀಪದಲ್ಲೇ 1872ರಲ್ಲಿ ನೆಟ್ಟ, ಕೊಂಬೆಗಳು ನೆಲದತ್ತ ಬಾಗಿದ ಎಲ್ಮ್ ಮರವೊಂದಿದೆ. ಅದು ಸೊರಗಿದಾಗ ಕವಯಿತ್ರಿ ಮೇರಿಯನ್ ಮೂರ್ 1967ರಲ್ಲಿ ಅದರ ಮೇಲೆ ಕವಿತೆ ಬರೆದು ಜನರ ನೆರವು ಒದಗುವಂತೆ ಮಾಡಿದರು. ಮುಂದಿನ ವಾರದ ಸಮಸ್ಯೆಯನ್ನು ಅದರಿಂದಲೇ ತೆಗೆದಿದ್ದೇನೆ. ದಕಾರ ಪ್ರಾಸ, ಗಣ ಇವೇ:

ಪದವೊಂದು ಮರದಡಿಗೆ ನೀರೆರೆದುದೈ