ಸಮಸ್ಯೆ: ಕುಳಿತವನೇ ನಡೆದು ದೂರ ಸೇರಿದನಲ್ತೇ

ಪೃಚ್ಛಕ: ಕಂದಪದ್ಯದ ನಾಲ್ಕನೆಯ ಪಾದ ಕೊಟ್ಟಿದೆ, ಉಳಿದ ಮೂರು ಪಾದ ಬರೆದು ಪೂರಣ ಮಾಡಿ. ಕುಳಿತವನು ನಡೆಯುವುದೆಂತು? ಗುಹ್ಯವಿದ್ಯೆಯನ್ನು ಹೇಳುವ ಒಂದು ಪದದ ವ್ಯುತ್ಪತ್ತಿಯಿಂದಲೇ ವಿರೋಧ ಬಗೆಹರಿಯಬೇಕು. ಆ ಪದ ಪದ್ಯದಲ್ಲಿ ಬರಕೂಡದು. ಪ್ರತಿ ಪಾದದ ಎರಡನೆಯ ಅಕ್ಷರವಾದ ಪ್ರಾಸಾಕ್ಷರ ಳ, ಅದರ ಹಿಂದೆ ಹ್ರಸ್ವಾಕ್ಷರವಿರುವ ಸಿಂಹಪ್ರಾಸ.

ತುಂಬೆಹೂ: ಪದ 'ಉಪನಿಷತ್'. ಉಪ ಎಂದರೆ ಬಳಿ, ನಿ ಎಂದರೆ ಕೆಳಗೆ, ಸದ್ ಎಂದರೆ ಕೂರು.

ಬಳಿಸಾರ್ದು ಗುರುವಿನಡಿಯೊಳ್
ತಿಳಿವಂ ಬಯಸಿದ ಶಿಷ್ಯಂ ವಿನೀತನೊರ್ವಂ |
ಕಳಚಲವಿದ್ಯೆಯ ಬಂಧಂ
ಕುಳಿತವನೇ ನಡೆದು ದೂರ ಸೇರಿದನಲ್ತೇ ||

ಪೃಚ್ಛಕ: ಪದ ಸರಿ. ಮೊದಲ ಪಾದದಲ್ಲೇ ಎರಡೂ ಉಪಸರ್ಗಗಳು ಕೂತಿರುವುದು ಸೊಗಸು. ಆದರೆ ಎರಡನೆಯ ಪಾದ ಎಡವಿದೆ. ಮಾತ್ರೆ ಲೆಕ್ಕಕ್ಕೆ ಸರಿಯಾಗಿ 20 ಇದೆ, ಅದಕ್ಕೇ ದೋಷ ಕಣ್ಣಿಗೆ ಬೀಳುವುದಿಲ್ಲ. ಗಣ ಬಿಡಿಸಿ: ತಿಳಿವಂ | ಬಯಸಿದ | ಶಿಷ್ಯಂ | ವಿನೀತ | ನೊರ್ವಂ. ಮೊದಲ ಪಾದದ ಮೂರು ಗಣ ಸೇರಿಸಿ ಎಣಿಸಿದರೆ 'ಶಿಷ್ಯಂ' 6ನೆಯದು. ಪೂರ್ವಾರ್ಧದ 6ನೆಯ ಗಣ ಜಗಣವೋ (ಲಘು-ಗುರು-ಲಘು) ಸರ್ವಲಘುವೋ (ನಾಲ್ಕೂ ಲಘು) ಆಗಬೇಕು. ಇಲ್ಲಿ ಎರಡು ಗುರು ಬಂದಿವೆ. ಬೆಸಸ್ಥಾನದಲ್ಲಿ (1, 3, 5, 7) ಜಗಣ ನಿಷಿದ್ಧ. ನಿಮ್ಮ 'ವಿನೀತ' 7ನೆಯದಾಗಿ ಕೂತಿದೆ. 'ವಿನೀತನೊರ್ವಂ ಶಿಷ್ಯಂ' ಎಂದು ತಿರುಗಿಸಿ, ಎರಡೂ ದೋಷ ಹೋಗುತ್ತವೆ.

ಎಳೆಬಿಸಿಲು: ಸದ್ ಧಾತುವಿನ ಸಕಾರ ಷಕಾರವಾಗಿದ್ದೇಕೆ?

ಶಬ್ದಾರ್ಥಿ: ಪಾಣಿನಿಯ 'ಸದಿರಪ್ರತೇಃ' (8.3.66). 'ನಿ', 'ಪರಿ'ಗಳ ಇಕಾರದ ಮುಂದೆ ಸದ್ ಷಕಾರ ಪಡೆಯುತ್ತದೆ, 'ಪ್ರತಿ'ಯೊಂದನ್ನು ಬಿಟ್ಟು. ಪರಿಷತ್ತಿಗೆ ಷ, ಸಂಸತ್ತಿಗೆ ಸ ಬಂದದ್ದು ಹೀಗೆ. ಇನ್ನು ಗುಟ್ಟಿನ ಅರ್ಥ ಬೃಹದಾರಣ್ಯಕ ಉಪನಿಷತ್ತಿನಲ್ಲೇ (2.1.20) ಉಂಟು: 'ತಸ್ಯೋಪನಿಷತ್ ಸತ್ಯಸ್ಯ ಸತ್ಯಮ್', ಅಂದರೆ ಅದರ ಉಪನಿಷತ್ 'ಸತ್ಯದ ಸತ್ಯ'. ಅಲ್ಲಿ ಉಪನಿಷತ್ ಎಂದರೆ ಗ್ರಂಥವಲ್ಲ, ಆತ್ಮದ ಗೂಢನಾಮ. 'ರಹಸ್ಯ'ದ ದಾರಿ ಬೇರೆ: ರಹಸ್ ಎಂದರೆ ಏಕಾಂತ, ಅಲ್ಲಿ ಆಗುವಂಥದ್ದು ರಹಸ್ಯ.

ಮೂರನೆಯ ಪಾದಕ್ಕೆ ನನ್ನದೊಂದು ತಕರಾರಿದೆ. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠ ಸದ್‌ಗೆ ವಿಶರಣ, ಗತಿ, ಅವಸಾದನ ಎಂಬ ಮೂರು ಅರ್ಥ ಕೊಡುತ್ತದೆ. ಕಠೋಪನಿಷತ್ತಿನ ಭಾಷ್ಯದ ಆರಂಭದಲ್ಲಿ ಶಂಕರರು ಮೂರನ್ನೂ ವಿದ್ಯೆಗೆ ಹೊಂದಿಸುತ್ತಾರೆ. ಅವಿದ್ಯೆಯೆಂಬ ಸಂಸಾರಬೀಜವನ್ನು ನಾಶಮಾಡುವುದು ವಿಶರಣ, ಬ್ರಹ್ಮಕ್ಕೆ ಒಯ್ಯುವುದು ಗತಿ, ಹುಟ್ಟುಮುಪ್ಪುಗಳ ಉಪದ್ರವವನ್ನು ಸಡಿಲಿಸುವುದು ಅವಸಾದನ. ನಿಮ್ಮ 'ನಡೆದು' ಗತಿಗೆ ಸರಿಯಾಗಿ ಕೂಡುತ್ತದೆ. ಕಳಚುವುದು ಮಾತ್ರ ಅವಸಾದನಕ್ಕೆ ಸೇರಿದ ಮಾತು, ಅವಿದ್ಯೆಗೆ ಸಾಲದು.

ತುಂಬೆಹೂ: ಒಪ್ಪಿದೆ. ತಿದ್ದಿದ್ದೇನೆ:

ಬಳಿಸಾರ್ದು ಗುರುವಿನಡಿಯೊಳ್
ತಿಳಿವಂ ಬಯಸಿದ ವಿನೀತನೊರ್ವಂ ಶಿಷ್ಯಂ |
ಅಳಿಯಲವಿದ್ಯೆಯ ಬೀಜಂ
ಕುಳಿತವನೇ ನಡೆದು ದೂರ ಸೇರಿದನಲ್ತೇ ||

ಶಬ್ದಾರ್ಥಿ: ಈಗ ಮಾತು ಭಾಷ್ಯಕ್ಕೆ ಒಪ್ಪುತ್ತದೆ. ಹಳಗನ್ನಡದ ಕಟ್ಟುನಿಟ್ಟಿನಲ್ಲಿ 'ಅಳಿ' ಈಗ ಬಳಕೆಯಲ್ಲಿಲ್ಲದ ೞಕಾರದ್ದು, 'ಕುಳಿತ' ಳಕಾರದ್ದು. ಎರಡನ್ನೂ ಒಂದೇ ಅಕ್ಷರದಲ್ಲಿ ಬರೆಯುವ ಈಗಿನ ರೂಢಿಯಲ್ಲಿ ಪ್ರಾಸ ಸಲ್ಲುತ್ತದೆ.

ಪೃಚ್ಛಕ: ಪೂರಣ ಸ್ವೀಕೃತ.